ಬರೆ ಕುಸಿದ ಮೇಲೆ ಬರುವ ಇನ್ಶೂರೆನ್ಸ್ ಸರ್ವೇಯರ್ ಏನು ಮಾಡುತ್ತಾರೆ?

ಕೊಡಗಿನಲ್ಲಿ ಬರೆ (ಇಳಿಜಾರಿನ ಕಡಿದಾದ ಮಣ್ಣಿನ ಗೋಡೆ) ಕುಸಿದು ಮನೆಗೆ ಹಾನಿಯಾದರೆ ಅಂಗಳಕ್ಕೆ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡುತ್ತಾರೆ. ಪಂಚಾಯಿತಿಯವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮನೆಗೆ ವಿಮೆ ಇದ್ದರೆ ಟೇಪು, ಕ್ಯಾಮೆರಾ, ಫೈಲು ಹಿಡಿದು ಇನ್ನೊಬ್ಬರು ಬರುತ್ತಾರೆ. ಅವರೇ ಇನ್ಶೂರೆನ್ಸ್ ಸರ್ವೇಯರ್. ನಾನು ಮಾಡುವುದು ಈ ಕೆಲಸವನ್ನೇ. ಹೋದಲ್ಲೆಲ್ಲ ಮೊದಲು ಕೇಳುವ ಮಾತು: ‘ನೀವು ಕಂಪನಿಯವರಾ? ಎಷ್ಟು ಕೊಡ್ತೀರಾ?’

ನಾವು ಕಂಪನಿಯ ನೌಕರರಲ್ಲ. ದುಡ್ಡು ಕೊಡುವವರೂ ನಾವಲ್ಲ. ಹಾನಿ ಯಾಕೆ ಆಯಿತು, ಎಷ್ಟು ಆಯಿತು, ಅದರಲ್ಲಿ ಪಾಲಿಸಿಯ ಒಳಗೆ ಬರುವುದು ಎಷ್ಟು ಎಂದು ಲೆಕ್ಕ ಹಾಕಿ ವರದಿ ಬರೆಯುವುದು ನಮ್ಮ ಕೆಲಸ. ಕೊಡುವ, ಬಿಡುವ ತೀರ್ಮಾನ ಕಂಪನಿಯದು. ಇದು ಗೊತ್ತಿಲ್ಲದೆ ಜನ ಸರ್ವೇಯರ್ ಮೇಲೆ ಸಿಟ್ಟಾಗುತ್ತಾರೆ, ಇಲ್ಲವೇ ಸರ್ವೇಯರ್ ಬಂದು ಹೋದರು, ಇನ್ನು ಹಣ ಬಂದಂತೆಯೇ ಎಂದು ಸುಮ್ನೆ ಕೂರುತ್ತಾರೆ. ಎರಡರಿಂದಲೂ ನಷ್ಟ ಅವರಿಗೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ತಹಶೀಲ್ದಾರರ ಕಚೇರಿಯಿಂದ ಬರುವುದು ಸರ್ಕಾರದ ಪರಿಹಾರ. ವಿಮೆ ಹಾಗಲ್ಲ, ಅದು ನೀವು ಪ್ರೀಮಿಯಂ ಕಟ್ಟಿ ಮಾಡಿಕೊಂಡ ಒಪ್ಪಂದ. ಕಂದಾಯ ಇಲಾಖೆಯವರು ಮಹಜರು ಮಾಡಿದರೆಂದು ವಿಮಾ ಕಂಪನಿಗೆ ತಿಳಿಸಿದ ಹಾಗೆ ಆಗುವುದಿಲ್ಲ. ಕಂಪನಿಗೆ ನೀವೇ ಬೇರೆಯಾಗಿ ಹೇಳಬೇಕು. ಆದರೆ ಮಹಜರಿನ ಪ್ರತಿ ಇಟ್ಟುಕೊಳ್ಳಿ, ಯಾವ ದಿನ ಏನಾಯಿತು ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ.

ಸ್ವತಂತ್ರ ಎಂದರೆ ಹೇಗೆ?

ಸರ್ವೇಯರ್‌ಗೆ ಲೈಸೆನ್ಸ್ ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ. 1938ರ ವಿಮಾ ಕಾಯ್ದೆಯ 64ಯುಎಂ ಸೆಕ್ಷನ್‌ನಲ್ಲಿ ಇದರ ಬೇರು ಇದೆ. ಒಂದು ಮಿತಿಗಿಂತ ದೊಡ್ಡ ಕ್ಲೈಮ್ ಆದರೆ ಲೈಸೆನ್ಸ್ ಇರುವ ಸರ್ವೇಯರ್ ವರದಿ ಇಲ್ಲದೆ ಇತ್ಯರ್ಥ ಮಾಡುವಂತಿಲ್ಲ. 2015ರ ನಿಯಮಾವಳಿ ಈ ಮಿತಿಯನ್ನು ವಾಹನಗಳಿಗೆ 50,000 ರೂಪಾಯಿ, ಉಳಿದವಕ್ಕೆ 1 ಲಕ್ಷ ರೂಪಾಯಿ ಎಂದು ಇಟ್ಟಿತು. ಜೀವ ವಿಮೆಗೂ ಆರೋಗ್ಯ ವಿಮೆಗೂ ನಮಗೂ ಸಂಬಂಧವಿಲ್ಲ. ಬೆಂಕಿ, ನೆರೆ, ವಾಹನ, ಯಂತ್ರ, ಸಾಗಣೆಯ ಸರಕು, ಕಳ್ಳತನ ಇಂಥವು ನಮ್ಮ ಪಾಲು.

ನಮ್ಮ ಫೀಸು ಕೊಡುವುದು ವಿಮಾ ಕಂಪನಿ. ‘ಹಾಗಾದ್ರೆ ಅವರ ಕಡೆಯವರೇ ಅಲ್ವಾ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕಾನೂನು ಇದಕ್ಕೆ ಕೆಲವು ಕಟ್ಟುಪಾಡು ಹಾಕಿದೆ. ಹಾನಿಗೊಳಗಾದ ಆಸ್ತಿಯಲ್ಲಿ ಸರ್ವೇಯರ್‌ಗಾಗಲಿ, ಅವರ ಹತ್ತಿರದವರಿಗಾಗಲಿ ಪಾಲು, ಲಾಭ ಇದ್ದರೆ ಅದನ್ನು ಮೊದಲೇ ತಿಳಿಸಬೇಕು. ಕೊಡಗಿನಲ್ಲಿ ಇದು ಬರೀ ಕಾಗದದ ಮಾತಲ್ಲ. ಇಲ್ಲಿ ಯಾವ ಊರಿಗೆ ಹೋದರೂ ಒಬ್ಬರಲ್ಲ ಒಬ್ಬರು ನೆಂಟರು, ಇಲ್ಲವೇ ನೆಂಟರ ನೆಂಟರು ಸಿಗುತ್ತಾರೆ. ಹತ್ತಿರದ ಸಂಬಂಧ ಎಂದು ಗೊತ್ತಾದ ಕೂಡಲೇ ಕೆಲಸ ವಾಪಸ್ ಕೊಡುವುದೇ ಸರಿ. ಅಂಗಳದಲ್ಲಿ ಕೊಟ್ಟ ಕಾಫಿ ಕುಡಿಯುತ್ತೇನೆ, ಅದನ್ನು ಬೇಡ ಎನ್ನುವುದು ಇಲ್ಲಿ ಅವಮಾನ. ಅದಕ್ಕಿಂತ ಮುಂದೆ ಏನನ್ನೂ ಮುಟ್ಟುವಂತಿಲ್ಲ.

ವರದಿ ಇಬ್ಬರ ಮುಂದೆಯೂ ನಿಲ್ಲುವಂತಿರಬೇಕು ಎನ್ನುವುದು ನನ್ನ ಅಳತೆ. ಯಾವ ಫೋಟೋ ನೋಡಿ ಯಾವ ತೀರ್ಮಾನಕ್ಕೆ ಬಂದೆ, ಯಾವ ಬಿಲ್ಲಿನಿಂದ ಯಾವ ಅಂಕಿ ತಗೊಂಡೆ ಎಂದು ಓದಿದವರಿಗೆ ಗೊತ್ತಾಗಬೇಕು. ಹಾಗೆ ಬರೆದರೆ ಫೀಸು ಯಾರು ಕೊಟ್ಟರು ಎನ್ನುವ ಪ್ರಶ್ನೆ ಹಿಂದೆ ಸರಿಯುತ್ತದೆ.

ಕಾರಣ ಹುಡುಕುವ ಕೆಲಸ

ಜನ ತಿಳಿದುಕೊಂಡಿರುವುದು ಸರ್ವೇಯರ್ ಬೆಲೆ ಕಟ್ಟುವವರು ಎಂದು. ನಿಜವಾದ ಕಷ್ಟ ಅದಕ್ಕಿಂತ ಮೊದಲೇ ಶುರುವಾಗುತ್ತದೆ. ಹಾನಿಗೆ ಕಾರಣ ಯಾವುದು? ಪಾಲಿಸಿ ಒಪ್ಪಿಕೊಂಡಿರುವ ಕಾರಣವಾ, ಬಿಟ್ಟಿರುವ ಕಾರಣವಾ?

ಮನೆಗಳಿಗೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಬಂಡೆ ಉರುಳುವುದು, ಮನೆ ನಿಂತಿರುವ ನೆಲವೇ ಕುಸಿಯುವುದು, ಮರ ಬೀಳುವುದು ಎಲ್ಲವೂ ಇದರಲ್ಲಿವೆ. ಕೊಡಗಿಗೆ ಬೇಕಾದದ್ದು ಬಹುಪಾಲು ಇದೆ. ಆದರೆ ನೆಲ ಕುಸಿಯುವ ವಿಷಯದಲ್ಲಿ ಕೆಲವನ್ನು ಬಿಟ್ಟಿದ್ದಾರೆ. ಹೊಸ ಕಟ್ಟಡ ಸಹಜವಾಗಿ ಕೂತು ಬಿಡುವ ಬಿರುಕು, ಮಣ್ಣು ತುಂಬಿಸಿ ಮಾಡಿದ ಜಾಗ ಕೂರುವುದು, ನದಿ ಕೊರೆತ, ವಿನ್ಯಾಸದ ಅಥವಾ ಕೆಲಸದ ದೋಷ, ಅಗೆತದಿಂದ ಆದದ್ದು.

ಈಗ ನಮ್ಮ ಊರಿನ ಮನೆಗಳನ್ನು ನೆನಪಿಸಿಕೊಳ್ಳಿ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು, ಆ ಮಣ್ಣನ್ನೇ ಮುಂದೆ ತುಂಬಿಸಿ ಅಂಗಳ ಮಾಡುತ್ತಾರೆ. ಮನೆಯ ಹಿಂದೆ ಎತ್ತರದ ಬರೆ, ಮುಂದೆ ತುಂಬಿಸಿದ ಮಣ್ಣು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳು ಕುಸಿದವು. ಅದಾದ ಮೇಲೆ ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾದವರು ಅಧ್ಯಯನ ನಡೆಸಿದರು. ಮಳೆಯ ಜೊತೆಗೆ ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಅವರು ಕಾರಣವಾಗಿ ಹೇಳಿದರು. ಮರುವರ್ಷ ವಿರಾಜಪೇಟೆ ಕಡೆ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಕುಸಿತವಾಯಿತು. ಹಾಗಾಗಿ ‘ಇದು ಭೂಕುಸಿತವಾ, ಅಗೆತದ ಫಲವಾ’ ಎನ್ನುವ ಪ್ರಶ್ನೆ ಇಲ್ಲಿ ಪ್ರತಿ ಮಳೆಗಾಲದಲ್ಲೂ ಎದುರಾಗುತ್ತದೆ.

ಇದನ್ನು ಮನೆಯೊಳಗೆ ನಿಂತು ಹೇಳಲಾಗದು. ಗುಡ್ಡ ಹತ್ತಬೇಕು. ಕುಸಿತ ಎಲ್ಲಿಂದ ಹೊರಟಿದೆ? ಬರೆಯ ತುದಿಯಿಂದ ತುಂಬಾ ಮೇಲೆ, ತೋಟದ ನಡುವೆ ಅರ್ಧಚಂದ್ರದ ಹಾಗೆ ನೆಲ ಬಿರಿದಿದ್ದರೆ, ಸಿಲ್ವರ್ ಮರಗಳು ಒಂದೇ ದಿಕ್ಕಿಗೆ ವಾಲಿದ್ದರೆ, ಇಡೀ ಇಳಿಜಾರೇ ಜಾರಿದೆ. ಹೊಸದಾಗಿ ಜಲ ಎದ್ದಿದೆಯಾ, ಚರಂಡಿ ನೀರು ಬಿರುಕಿನೊಳಗೆ ಇಳಿಯುತ್ತಿದೆಯಾ ನೋಡಬೇಕು. ಕಡಿದ ಬರೆ ಮಾತ್ರ ಜರಿದು ಗೋಡೆಗೆ ಒರಗಿದ್ದರೆ ಬರೆ ಕಡಿದದ್ದು ಯಾವಾಗ ಎಂದು ಕೇಳುತ್ತೇವೆ. ಹತ್ತು ಮಳೆಗಾಲ ತಡೆದ ಬರೆಗೂ ಹೋದ ಬೇಸಿಗೆಯಲ್ಲಿ ಕಡಿದ ಬರೆಗೂ ವ್ಯತ್ಯಾಸವಿದೆ. ವರ್ಷಗಳ ಹಿಂದೆ ಕಡಿದದ್ದೆಂಬ ಒಂದೇ ಕಾರಣಕ್ಕೆ ಕ್ಲೈಮ್ ಬೇಡ ಎನ್ನುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆ ಅಗೆತವೇ ಈ ಕುಸಿತ ತಂದಿತೆಂದು ತೋರಿಸಬೇಕಾಗುತ್ತದೆ.

ಗೋಡೆಯ ಬಿರುಕು ಕೂಡ ತನ್ನ ವಯಸ್ಸು ಹೇಳುತ್ತದೆ. ಹೊಸ ಬಿರುಕಿನ ಅಂಚು ಚೂಪಾಗಿರುತ್ತದೆ, ಒಳಗೆ ಇಟ್ಟಿಗೆಯ ತಾಜಾ ಬಣ್ಣ ಕಾಣುತ್ತದೆ. ಹಳೆಯದರಲ್ಲಿ ದೂಳು, ಪಾಚಿ, ಜೇಡರ ಬಲೆ ಇರುತ್ತದೆ. ಹಿಂದೆ ಬಳಿದ ಸುಣ್ಣ, ಬಣ್ಣ ಒಳಗಿನವರೆಗೂ ಇಳಿದಿರುತ್ತದೆ. ಹಳೆಯ ಬಿರುಕು ಈ ಮಳೆಯಲ್ಲಿ ದೊಡ್ಡದಾಗಿದ್ದರೆ ಎರಡೂ ಗುರುತು ಒಂದೇ ಕಡೆ ಸಿಗುತ್ತವೆ, ಆಗ ಎರಡನ್ನೂ ಬೇರೆ ಬೇರೆ ಬರೆಯಬೇಕು. ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಉಕ್ಕಿದಾಗ ಕೆಲಸ ಇನ್ನೊಂದು ಥರ. ಗೋಡೆಯ ಮೇಲೆ ನೀರು ಬಿಟ್ಟ ಕೆಸರಿನ ಗೆರೆ ಇರುತ್ತದೆ. ಅದರ ಎತ್ತರ ಅಳೆದರೆ ಯಾವ ಸಾಮಾನು ಮುಳುಗಿತ್ತು ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಇಲ್ಲಿ ಕೊಡಗಿನ ಒಂದು ಒಳ್ಳೆಯ ಅಭ್ಯಾಸ ಕೈಹಿಡಿಯುತ್ತದೆ. ನಮ್ಮಲ್ಲಿ ಎಷ್ಟೋ ತೋಟಗಳಲ್ಲಿ ಮಳೆ ಅಳೆಯುವ ಪಾತ್ರೆ ಇದೆ. ಬೆಳಿಗ್ಗೆ ಎದ್ದು ‘ನಿನ್ನೆ ಇಷ್ಟು ಇಂಚು, ಇಷ್ಟು ಸೆಂಟು’ ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೆಲವರ ಮನೆಯಲ್ಲಿ ಅಜ್ಜನ ಕಾಲದ ಲೆಕ್ಕವೂ ಸಿಗುತ್ತದೆ. ಸರ್ಕಾರಿ ಮಳೆಮಾಪನ ಕೇಂದ್ರದ ಅಂಕಿಯ ಜೊತೆಗೆ ಇದನ್ನೂ ಲಗತ್ತಿಸಿದರೆ ಆ ರಾತ್ರಿ ಆ ಕಣಿವೆಯಲ್ಲಿ ಏನಾಯಿತು ಎನ್ನುವುದು ಸ್ಪಷ್ಟವಾಗುತ್ತದೆ. ಆ ಪುಸ್ತಕವನ್ನು ಬಿಸಾಡಬೇಡಿ.

ಇನ್ನು ಹೇಳಲು ತುಂಬಾ ಕಷ್ಟವಾದ ಮಾತು. ಮನೆಯ ಪಾಲಿಸಿಯಲ್ಲಿ ಜಾಗಕ್ಕೆ ವಿಮೆ ಇಲ್ಲ. ಕಾಫಿ ಗಿಡಕ್ಕೂ ಇಲ್ಲ. ತೋಟವೇ ಕೊಚ್ಚಿಹೋದವರ ಮುಂದೆ ನಿಂತು ಗೋಡೆ, ಮಾಡು, ಸಾಮಾನಿಗಷ್ಟೇ ಲೆಕ್ಕ ಹಾಕಬೇಕಾಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆ ಬೇರೆ. ಅಲ್ಲಿ ಮಳೆ, ತಾಪಮಾನದ ದಾಖಲೆ ನೋಡಿ ಹಣ ಬರುತ್ತದೆ, ತೋಟಕ್ಕೆ ಸರ್ವೇಯರ್ ಬರುವುದಿಲ್ಲ.

ಲೆಕ್ಕ ಹೇಗೆ?

ಕಾರಣ ಪಾಲಿಸಿಯೊಳಗೆ ಬಂತು ಎಂದುಕೊಳ್ಳೋಣ. ಈಗ ಅಂಕಿ. ನನ್ನ ಕಣ್ಣಿಗೆ ಬಿದ್ದ ಹಾಗೆ, ಜನ ಹಣ ಕಳೆದುಕೊಳ್ಳುವುದು ಸರ್ವೇಯರ್ ಬಿಗಿಯಾದದ್ದರಿಂದಲ್ಲ. ವಿಮಾ ಮೊತ್ತ ಕಡಿಮೆ ಹಾಕಿದ್ದರಿಂದಲೇ ಜಾಸ್ತಿ.

ಒಂದು ಕಾಫಿ ಗೋದಾಮು ತಗೊಳ್ಳಿ. ಬೆಂಕಿ ಬಿದ್ದ ದಿನ ಒಳಗೆ 40 ಲಕ್ಷದ ಸ್ಟಾಕು ಇತ್ತು. ವಿಮೆ ಮಾಡಿದ್ದು 20 ಲಕ್ಷಕ್ಕೆ. ಸುಟ್ಟದ್ದು 10 ಲಕ್ಷದ ಮಾಲು. ‘ವಿಮೆ 20 ಲಕ್ಷ ಇದೆ, ನಷ್ಟ 10 ಲಕ್ಷ, ಪೂರ್ತಿ ಬರುತ್ತೆ’ ಎಂದುಕೊಳ್ಳುತ್ತಾರೆ. ಬರುವುದು 5 ಲಕ್ಷ. ಅರ್ಧ ಮಾಲಿಗಷ್ಟೇ ವಿಮೆ ಮಾಡಿದ್ದರಿಂದ ನಷ್ಟದಲ್ಲೂ ಅರ್ಧ ನಿಮ್ಮದೇ ಪಾಲು. 5 ಕೋಟಿವರೆಗಿನ ಆಸ್ತಿಗೆ ಇರುವ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಕಡಿತ ಇದ್ದೇ ಇದೆ. ಕಳೆದ ಕೆಲವು ವರ್ಷಗಳಲ್ಲಿ ರೋಬಸ್ಟಾ ಬೆಲೆ ಎಷ್ಟು ಏರಿತು ಎಂದು ಬೆಳೆಗಾರರಿಗೆ ನಾನು ಹೇಳಬೇಕಿಲ್ಲ. ಆದರೆ ಪಾಲಿಸಿಯಲ್ಲಿ ಹಳೆಯ ಮೊತ್ತವನ್ನೇ ಇಟ್ಟು ರಿನ್ಯೂ ಮಾಡಿಸುತ್ತಾ ಬರುವವರು ತುಂಬಾ ಮಂದಿ ಇದ್ದಾರೆ. ದಯವಿಟ್ಟು ಕೊಯ್ಲಿಗೆ ಮೊದಲು ಒಮ್ಮೆ ತೆಗೆದು ನೋಡಿ.

ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಮನೆಯ ಕಾರ್ಪೆಟ್ ವಿಸ್ತೀರ್ಣ ಮತ್ತು ಚದರಡಿಗೆ ಕಟ್ಟುವ ಖರ್ಚು ಸರಿಯಾಗಿ ಹೇಳಿರಬೇಕು, ಅಷ್ಟೇ. ಮನೆ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ, ತಾನಾಗಿಯೇ ಸೇರಿರುತ್ತದೆ. ಮನೆ ವಾಸಕ್ಕೆ ಆಗದಿದ್ದರೆ ಬೇರೆ ಕಡೆಯ ಬಾಡಿಗೆಯೂ ಉಂಟು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಕೇಳುವುದೂ ಇಲ್ಲ. ಒಂದು ಎಚ್ಚರಿಕೆ: ವಾಸದ ಮನೆ ಎಂದು ಪಾಲಿಸಿ ಮಾಡಿಸಿ ಹೋಂಸ್ಟೇ ನಡೆಸುತ್ತಿದ್ದರೆ ಅದನ್ನು ಮೊದಲೇ ಕಂಪನಿಗೆ ತಿಳಿಸಿ. ಇಲ್ಲದಿದ್ದರೆ ಕ್ಲೈಮ್ ಹೊತ್ತಿಗೆ ಅದೇ ತಕರಾರಾಗುತ್ತದೆ.

ಗೋದಾಮಿನಲ್ಲಿ ಎಷ್ಟು ಮಾಲು ಇತ್ತು ಎಂದು ಗೊತ್ತಾಗುವುದು ಹೇಗೆ? ಸುಟ್ಟ ಚೆರಿಯನ್ನು (ಒಣಗಿಸಿದ ಕಾಫಿ ಹಣ್ಣನ್ನು) ಎಣಿಸಲಾಗದು. ಸ್ಟಾಕ್ ಪುಸ್ತಕ ಒಂದು. ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟ ದಾಖಲೆ ಇನ್ನೊಂದು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ರಸೀದಿ, ಮಾರಿದ ಬಿಲ್ಲು, ಹಿಂದಿನ ವರ್ಷಗಳಲ್ಲಿ ಎಕರೆಗೆ ಬಂದ ಫಸಲು. ಹಣ್ಣು ಒಣಗಿದ ಮೇಲೆ ತೂಕ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. ಇವೆಲ್ಲ ಒಂದಕ್ಕೊಂದು ತಾಳೆಯಾದರೆ ಪುಸ್ತಕದಲ್ಲಿ ಸಣ್ಣ ತಪ್ಪಿದ್ದರೂ ತೊಂದರೆಯಿಲ್ಲ. ಕಳ್ಳತನದ ಪಾಲಿಸಿಯಲ್ಲಿ ಮಾತ್ರ ಬಾಗಿಲು, ಬೀಗ ಒಡೆದ ಗುರುತು ಬೇಕು. ಕಣದಲ್ಲಿ ಒಣಗಲು ಹಾಕಿದ್ದ ಕಾಫಿಯನ್ನು ರಾತ್ರಿ ಗೋರಿಕೊಂಡು ಹೋದರೆ ಸಾಮಾನ್ಯ ಪಾಲಿಸಿಯಲ್ಲಿ ಅದು ಬರುವುದಿಲ್ಲ.

ಆನೆ ಬಂದು ಗೋದಾಮಿನ ಗೋಡೆ ಬೀಳಿಸಿದರೆ? ಬೆಂಕಿ ವಿಮೆಯ ಹಳೆಯ ಪಾಲಿಸಿಯ ಮಾತಿನಲ್ಲೇ, ವಿಮೆದಾರರದ್ದಲ್ಲದ ಪ್ರಾಣಿ ನೇರವಾಗಿ ಗುದ್ದಿ ಆದ ಹಾನಿ ಒಳಗೆ ಬರುತ್ತದೆ. ತುಳಿದ ಗಿಡಕ್ಕೆ ಅರಣ್ಯ ಇಲಾಖೆಯ ಪರಿಹಾರವನ್ನೇ ಕೇಳಬೇಕು.

ವಾಹನದ ಲೆಕ್ಕ ಬೇರೆ. ದಿನನಿತ್ಯ ನಮ್ಮ ಹೊಟ್ಟೆ ತುಂಬಿಸುವುದೂ ಅದೇ. ತಿತಿಮತಿ ರಸ್ತೆಯಲ್ಲಿ ಆನೆ ಕಾರಿಗೆ ಗುದ್ದಿದರೆ, ಸಂಪಾಜೆ ಘಾಟಿಯಲ್ಲಿ ಜೀಪು ಉರುಳಿದರೆ, ನಿಲ್ಲಿಸಿದ್ದ ವ್ಯಾನಿನ ಮೇಲೆ ಮರ ಬಿದ್ದರೆ, ಪೂರ್ತಿ ವಿಮೆ ಇದ್ದವರಿಗೆ ಸಿಗುತ್ತದೆ. ಥರ್ಡ್ ಪಾರ್ಟಿ ಮಾತ್ರ ಇದ್ದವರಿಗೆ ತಮ್ಮ ವಾಹನಕ್ಕೆ ಏನೂ ಇಲ್ಲ. ಬಿಲ್ ಪೂರ್ತಿ ಬರುವುದಿಲ್ಲ ಏಕೆಂದರೆ ಹಳೆಯ ಭಾಗಕ್ಕೆ ಹೊಸ ಭಾಗ ಹಾಕುವಾಗ ಸವಕಳಿ ಕಳೆಯುತ್ತಾರೆ. ಮೂರೂವರೆ ವರ್ಷದ, 1500 ಸಿಸಿಗಿಂತ ದೊಡ್ಡ ಜೀಪು ಎಂದುಕೊಳ್ಳಿ. ಲೋಹದ ಭಾಗ 60,000, ಶೇ. 25 ಕಳೆದರೆ 45,000. ಪ್ಲಾಸ್ಟಿಕ್ 20,000, ಅರ್ಧ ಕಳೆದು 10,000. ಗಾಜು 15,000, ಅದಕ್ಕೆ ಕಡಿತವಿಲ್ಲ. ಕೂಲಿ 18,000, ಅದೂ ಪೂರ್ತಿ. ಒಟ್ಟು 88,000. ಅದರಲ್ಲಿ ಕಡ್ಡಾಯವಾಗಿ ಮಾಲೀಕರೇ ಹೊರಬೇಕಾದ 2,000 ಕಳೆದರೆ 86,000. ಗ್ಯಾರೇಜಿನ ಬಿಲ್ಲು 1,13,000. ತೆರಿಗೆ, ಗುಜರಿ ಬೆಲೆ ಇಲ್ಲಿ ಸೇರಿಸಿಲ್ಲ. ಸವಕಳಿ ಕಳೆಯದ ಆಡ್-ಆನ್ (ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳುವ ರಕ್ಷಣೆ) ತಗೊಂಡಿದ್ದರೆ ಈ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ರಿಪೇರಿ ಖರ್ಚು ವಾಹನದ ಐಡಿವಿಯ (ಪಾಲಿಸಿಯಲ್ಲಿ ನಮೂದಿಸಿರುವ ವಾಹನದ ಬೆಲೆಯ) ಶೇ. 75 ದಾಟಿದರೆ ಅದನ್ನು ಪೂರ್ತಿ ನಷ್ಟ ಎಂದೇ ಹಿಡಿಯುತ್ತಾರೆ. ನೀರು ನುಗ್ಗಿದ ಕಾರನ್ನು ಮಾತ್ರ ಸ್ಟಾರ್ಟ್ ಮಾಡಲೇಬೇಡಿ. ಹಾಗೆ ಮಾಡಿ ಎಂಜಿನ್ ಒಡೆದರೆ, ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದವರಿಗೆ ಆ ಖರ್ಚು ಸಿಗುವುದು ಕಷ್ಟ.

ಜಮ್ಮಾ ಜಾಗದ ಮನೆ

ಹೊರಗಿನಿಂದ ಬಂದ ಸರ್ವೇಯರ್ ಇಲ್ಲಿ ಎಡವುವುದು ಕಾಗದಪತ್ರದಲ್ಲಿ. ಜಮ್ಮಾ ಎಂದರೆ ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ. ಅದರ ಆರ್‌ಟಿಸಿಯಲ್ಲಿ ಪಟ್ಟೇದಾರರ, ಅಂದರೆ ಕುಟುಂಬದ ಪರವಾಗಿ ದಾಖಲೆಯಲ್ಲಿರುವ ಹಿರಿಯರ ಹೆಸರು ಇರುತ್ತದೆ. ಎಷ್ಟೋ ಕಡೆ ತೀರಿಹೋದ ಹಿರಿಯರ ಹೆಸರೇ ಇನ್ನೂ ಇದೆ. ಮನೆ ಕಟ್ಟಿ ವಾಸವಿರುವವರು ಒಕ್ಕದ (ಕೊಡವರ ಮನೆತನದ) ಇನ್ನೊಬ್ಬರು. ಪಾಲಿಸಿ ಅವರ ಹೆಸರಿನಲ್ಲಿ. ‘ಆಸ್ತಿ ಇವರದ್ದೇ ಅಲ್ಲವಲ್ಲ’ ಎಂದು ಫೈಲು ನಿಂತುಬಿಡುತ್ತದೆ. ನೋಡಬೇಕಾದದ್ದು ಆ ಮನೆ ಹೋದರೆ ನಷ್ಟ ಯಾರಿಗೆ ಎಂದು. ಪಂಚಾಯಿತಿ ತೆರಿಗೆ ರಸೀದಿ, ಕರೆಂಟ್ ಬಿಲ್ಲು, ಒಕ್ಕದೊಳಗಿನ ಪಾಲುಪತ್ರ, ಮನೆ ಕಟ್ಟಲು ಬ್ಯಾಂಕ್ ಸಾಲ ಪಡೆದಿದ್ದರೆ ಆ ದಾಖಲೆ, ಇವು ಅದನ್ನು ತೋರಿಸುತ್ತವೆ. ಈ ಪದ್ಧತಿಯನ್ನು ವರದಿಯಲ್ಲಿ ನಾಲ್ಕು ಸಾಲಿನಲ್ಲಿ ವಿವರಿಸುವುದು ಸರ್ವೇಯರ್ ಹೊಣೆ. ದೂರದ ನಗರದಲ್ಲಿ ಕೂತು ಫೈಲು ನೋಡುವವರಿಗೆ ಒಕ್ಕ ಎಂದರೇನು ಎಂದು ಗೊತ್ತಿರಬೇಕು ಎಂದು ನಿರೀಕ್ಷಿಸಲಾಗದು. ಕೊಡಗಿಗೆ ಕೊಡಗನ್ನು ಬಲ್ಲ ಸರ್ವೇಯರ್‌ಗಳು ಬೇಕು ಎಂದು ನಾನು ಹೇಳುವುದು ಇದಕ್ಕೇ.

ಎಂಜಿನಿಯರಿಂಗ್ ಡಿಗ್ರಿ ಅಥವಾ ಡಿಪ್ಲೊಮಾ ಆದವರು, ಚಾರ್ಟರ್ಡ್ ಅಕೌಂಟೆಂಟ್, ಕಾಸ್ಟ್ ಅಕೌಂಟೆಂಟ್ ಆದವರು ಈ ಕೆಲಸಕ್ಕೆ ಬರಬಹುದು. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗ ಹುಡುಗಿಯರು ಇದನ್ನೂ ಒಮ್ಮೆ ಯೋಚಿಸಲಿ. ಅನುಭವಿ ಸರ್ವೇಯರ್ ಕೈಕೆಳಗೆ ಒಂದು ವರ್ಷ ತರಬೇತಿ, ಮುಂಬೈಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಪರೀಕ್ಷೆ, ಹೈದರಾಬಾದಿನಲ್ಲಿರುವ ಸರ್ವೇಯರ್‌ಗಳ ಸಂಸ್ಥೆಯ ಸದಸ್ಯತ್ವ, ಆಮೇಲೆ ಲೈಸೆನ್ಸ್. ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಸಂಬಳ ಇಲ್ಲ, ಫೀಸು ಮಾತ್ರ. ಕಂಪನಿಗಳ ಪಟ್ಟಿಯಲ್ಲಿ ಹೆಸರು ಬಂದು ಕೆಲಸ ಕೂಡಿಬರಲು ತಾಳ್ಮೆ ಬೇಕು. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ) ಉಸಿರಾಡಲು ಪುರುಸೊತ್ತು ಇರುವುದಿಲ್ಲ, ಬೇಸಿಗೆಯಲ್ಲಿ ಫೋನು ಮೌನ. ಜಾರುವ ಗುಡ್ಡದ ಕೆಳಗೆ ನಿಲ್ಲುವ ಅಪಾಯವೂ ಇದೆ. ಅಂಥ ಜಾಗಕ್ಕೆ ಮಳೆ ಬಿಡುವವರೆಗೆ ಹೋಗದಿರುವುದೂ ಈ ಕೆಲಸದ ಭಾಗ.

ಒಪ್ಪಿಗೆಯಾಗದಿದ್ದರೆ

ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ, ಕ್ಲೈಮ್ ನಂಬರ್ ಬರೆದಿಟ್ಟುಕೊಳ್ಳಿ. ಮಣ್ಣು ತೆಗೆಯುವ ಮೊದಲು ಫೋಟೋ, ವಿಡಿಯೊ ಮಾಡಿ. ಜೀವಕ್ಕೆ ಅಪಾಯ ಇದ್ದರೆ ಯಾವ ಸರ್ವೇಯರ್‌ಗೂ ಕಾಯಬೇಡಿ. ಮಾಡಿನ ಮೇಲೆ ಟಾರ್ಪಾಲು ಎಳೆದು ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯವೂ ಹೌದು. ಒಡೆದ ಸಾಮಾನನ್ನು ಮಾತ್ರ ಎಸೆಯಬೇಡಿ.

2024ರಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು. 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ಕಂಪನಿಯ ತೀರ್ಮಾನ. ಈ ಗಡುವು ದಾಟುತ್ತಿದ್ದರೆ ಲಿಖಿತವಾಗಿ ಕೇಳಿ.

ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಅದನ್ನು ಓದದೆ ‘ಕಡಿಮೆ ಕೊಟ್ಟರು’ ಎಂದರೆ ಎಲ್ಲಿ ಕಡಿಮೆಯಾಯಿತು ಎಂದೇ ತಿಳಿಯುವುದಿಲ್ಲ. ಸರ್ವೇಯರ್ ಬರೆದದ್ದೇ ಕೊನೆಯ ಮಾತಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ, ತನಗೆ ಬೇಕಾದ ವರದಿ ಸಿಗುವವರೆಗೆ ಒಬ್ಬರ ಮೇಲೊಬ್ಬರಂತೆ ಸರ್ವೇಯರ್‌ಗಳನ್ನು ನೇಮಿಸುತ್ತಾ ಹೋಗುವ ಹಕ್ಕು ಕಂಪನಿಗೆ ಇಲ್ಲ, ಮೊದಲ ವರದಿ ಯಾಕೆ ಬೇಡ ಎಂಬುದಕ್ಕೆ ಕಾರಣ ಕೊಡಬೇಕು ಎಂದೂ ಹೇಳಿದೆ. ಎರಡೂ ಒಳ್ಳೆಯ ತೀರ್ಪುಗಳು. ಒಂದು ನಿಮ್ಮನ್ನು ತಪ್ಪು ವರದಿಯಿಂದ ಕಾಪಾಡುತ್ತದೆ, ಇನ್ನೊಂದು ಸರಿಯಾದ ವರದಿಯನ್ನು ಕಾಪಾಡುತ್ತದೆ.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್ ಇದೆ. ಮನೆ, ಸ್ವಂತ ವಾಹನದಂಥ ಕ್ಲೈಮ್‌ಗಳಿಗೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಇದ್ದಾರೆ. 50 ಲಕ್ಷದವರೆಗಿನ ವ್ಯಾಜ್ಯ ಅಲ್ಲಿ ಹೋಗುತ್ತದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅದು ಬೇಡವೆಂದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ, ಅಲ್ಲಿಗೆ ಎರಡು ವರ್ಷದ ಗಡುವು. ಎಲ್ಲಿಗೆ ಹೋದರೂ ಮೊದಲು ಕೇಳುವುದು ಪಾಲಿಸಿಯ ಪೂರ್ತಿ ಪ್ರತಿ, ಸರ್ವೇಯರ್ ವರದಿ ಮತ್ತು ನೀವು ಮೊದಲ ದಿನ ತೆಗೆದ ಫೋಟೋಗಳನ್ನು.